ನಾಲ್ಕನೇ ಟ್ಯಾಂಕಿನ ಬಿಳಿ ವೈನ್

೨೦೨೫ರ ಆಗಸ್ಟ್ ೧೨, ಮಂಗಳವಾರ ಬೆಳಿಗ್ಗೆ ೮.೨೦ಕ್ಕೆ ಹೊರ್ತಿ ರಸ್ತೆಯ ವೈನ್ ಕಾರ್ಖಾನೆಯ ಮ್ಯಾನೇಜರ್ ಮಂಜೂರ ಎಂಬಾತ ಠಾಣೆಗೆ ಬಂದು ದೂರು ಕೊಟ್ಟ. ನಾಲ್ಕನೇ ಟ್ಯಾಂಕಿನ ಎರಡು ಸಾವಿರ ಲೀಟರ್ ಬಿಳಿ ವೈನನ್ನು ಯಾರೋ ನಲ್ಲಿ ತಿರುವಿ ಗಟಾರಕ್ಕೆ ಬಿಟ್ಟಿದ್ದರು. ಅದರ ರುಚಿ ನೋಡಲು ಮರುದಿನವೇ ಪುಣೆಯ ಖರೀದಿದಾರರು ಬರುವವರಿದ್ದರು. ನಲ್ಲಿಯ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ: ಟ್ಯಾಂಕ್ ತೊಳೆಯುವ ಕಾಂತು ಮತ್ತು ಹದಿನಾಲ್ಕು ವರ್ಷಗಳಿಂದ ವೈನ್ ಮೂಸಿ ರುಚಿ ಹೇಳುವ ಬೀರಣ್ಣ. ಬೀರಣ್ಣನ ಮಾತು ಬಿಡಿ, ಕಾಂತು ಹೋದ ವಾರ ರಜೆಗಾಗಿ ಜಗಳ ತೆಗೆದಿದ್ದ ಎಂದ ಮಂಜೂರ.

ಪಿಎಸ್‌ಐ ಕಾವೇರಿಗೆ ಅಷ್ಟೇ ಸಾಕಾಯಿತು. ಎಫ್‌ಐಆರ್ ದಾಖಲಿಸಿ, ಕಾಂತುವನ್ನು ಕರೆಸಿ ನೆಲದ ಮೇಲೆ ಕೂರಿಸಿದಳು. ಪಕ್ಕದಲ್ಲೇ ಎರಡು ಕುರ್ಚಿ ಖಾಲಿ ಇದ್ದವು. ಅವನ ಹೆಂಡತಿ ಭಾಗ್ಯಾ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಾನಲ್ಲ ಎಂದು ಕಾಂತು ಮೂರು ಸಲ ಹೇಳಿದ. ಎಲ್ಲರೂ ಮೊದಲು ಹಾಡುವ ಹಾಡು ಅದೇ ಎಂದು ಕಾವೇರಿ ಕಿವಿಗೇ ಹಾಕಿಕೊಳ್ಳಲಿಲ್ಲ.

೧೧.೧೦ಕ್ಕೆ ಕಾರ್ಖಾನೆಯಲ್ಲಿ ಪಂಚನಾಮೆ ಶುರುವಾಯಿತು. ಟ್ಯಾಂಕಿನ ತಳಕ್ಕೆ ಕೈ ನಿಲುಕದೆ ಹೆಡ್ ಕಾನ್‌ಸ್ಟೆಬಲ್ ಮೀರಾಸಾಬ ಹೊರಗಿನ ಗಟಾರದ ಗುಂಡಿಯಲ್ಲಿ ನಿಂತಿದ್ದ ವೈನನ್ನೇ ಗಾಜಿನ ಲೋಟಕ್ಕೆ ತುಂಬಿಕೊಂಡ.

ವೈನಿನ ಗಂಧಗಾಳಿಯೂ ಗೊತ್ತಿಲ್ಲದ ಕಾವೇರಿ, ಹೋದದ್ದು ಎಂಥ ಮಾಲು ಎಂದು ಬೀರಣ್ಣನನ್ನು ಕೇಳಿದಳು. ಆತ ಚೆಂದ ಹೇಳಿದ. ಶೆನಿನ್ ಬ್ಲಾಂಕ್ ಎಂಬ ಫ್ರಾನ್ಸಿನ ದ್ರಾಕ್ಷಿ ತಳಿ. ನಾಸಿಕದಿಂದ ಬಳ್ಳಿ ತಂದು ಇಲ್ಲಿಯ ಮಣ್ಣಿಗೆ ಒಗ್ಗಿಸಿದ್ದು. ಕೊಲ್ಹಾರದ ಹೊಳೆಮೀನು ಹುರಿದು ತಿಂದರೆ ಇದರಷ್ಟು ಹೊಂದುವುದು ಬೇರೊಂದಿಲ್ಲ, ಖಾರದ ಶೇಂಗಾ ಚಟ್ನಿಗೂ ಆದೀತು, ಮಟನ್ ಸಾರಿಗೆ ಮಾತ್ರ ಬೇಡ. ಕೇಳುತ್ತ ಕಾವೇರಿಗೆ ಆತನ ಮೇಲೆ ಗೌರವ ಮೂಡಿತು. ಮಾದರಿಗೆ ಸೀಲ್ ಹಾಕುವ ಮೊದಲು ಇದು ಅದೇ ವೈನೋ ಎಂದು ಖಾತ್ರಿ ಮಾಡಿಸಲು ಲೋಟವನ್ನು ಆತನ ಮುಂದಿಟ್ಟಳು.

ಬೀರಣ್ಣ ಲೋಟ ಎತ್ತಿ ಬೆಳಕಿಗೆ ಹಿಡಿದ. ತಳದ ಗಸಿ, ಅದಕ್ಕೇ ಮಸುಕು ಎಂದ. ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿದ.

"ಅದೇ ಐತ್ರಿ. ಪೇರಲಹಣ್ಣು, ನಮ್ಮ ಇಂಡಿ ಲಿಂಬಿ, ಕಡೀಕ ಒಂದೀಟ ಜೇನು. ಚಲೋ ಮಾಲು."

ಮೀರಾಸಾಬ ಕಾವೇರಿಯ ಮುಖ ನೋಡಿದ. ಸಾಕ್ಷಿಗೆ ಕರೆದಿದ್ದ ಪಂಚರಿಬ್ಬರೂ ಮೂಗಿಗೆ ಟವೆಲ್ ಹಿಡಿದು ನಿಂತಿದ್ದರು. ಕಾವೇರಿ ಅವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಬೀರಣ್ಣಾರ, ಇದು ಗಟಾರದ್ದು. ಫಿನಾಯಿಲ್ ವಾಸನಿ ಮಾರು ದೂರ ಹೊಡ್ಯಾಕತ್ತೈತಿ."

ಆತ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಕಿವಿಯವರೆಗೂ ಕೆಂಪಾಗಿದ್ದ. ಆಮೇಲೆ ಕೇಳದೆಯೇ ಹೇಳಿದ. ಎರಡು ವರ್ಷದ ಹಿಂದೆ ಜ್ವರ ಬಂದು ಹೋದಮೇಲೆ ಮೂಗು ಸತ್ತಿತ್ತು. ಹಳೆಯ ವಹಿ ನೋಡಿ ಅದೇ ಪೇರಲ, ಅದೇ ಲಿಂಬಿ ಬರೆಯುತ್ತ ಬಂದಿದ್ದ. ನಾಳೆ ಪುಣೆಯವರು ಯಾವ ವೈನೆಂದು ಹೇಳದೆ ಐದು ಲೋಟ ಮುಂದಿಟ್ಟು ಎಲ್ಲರೆದುರು ಮೂಸಿಸುವವರಿದ್ದರು. ವೈನೇ ಇಲ್ಲದಿದ್ದರೆ ಮೂಸುವುದೂ ಇಲ್ಲವೆಂದು ನಿನ್ನೆ ಸಂಜೆ ಎಲ್ಲರೂ ಹೋದಮೇಲೆ ನಲ್ಲಿ ತಿರುವಿದ್ದ.

"ಕಾಂತು ಠಾಣ್ಯಾಗ ಕುಂತಾನಂತ ಗೊತ್ತಿತ್ತೇನು?"

"ಗೊತ್ತಿತ್ರಿ."

ಅದಕ್ಕೆ ಬೈಯಬೇಕೆಂದು ಕಾವೇರಿ ಬಾಯಿ ತೆರೆದಳು. ಕಾಂತುವನ್ನು ನೆಲಕ್ಕೆ ಕೂರಿಸಿದವಳು ತಾನೇ ಎಂಬುದು ನೆನಪಾಗಿ, ಬಾಗಿಲು ತೆಗೆದು ಮೀರಾಸಾಬನನ್ನು ಕರೆದಳು.

ಮಧ್ಯಾಹ್ನ ೩.೪೦ಕ್ಕೆ ಬಂಧನ ದಾಖಲಾಯಿತು. ಠಾಣೆಯೊಳಗೆ ಬೀರಣ್ಣ ಕಾಲಿಡುತ್ತಲೇ ಕಾಂತು ರೂಢಿಯಂತೆ ಎದ್ದು ನಿಂತ. ಮೀರಾಸಾಬ ಸಂಗತಿ ಹೇಳಿದ. ಕಾಂತು ಬೀರಣ್ಣನತ್ತ ತಿರುಗಿದ.

"ಅಣ್ಣಾರ, ದಿನಾ ಟಾಕಿ ತೊಳ್ಯಾಂವ ನಾನು. ನನಗ ಹೇಳಿದ್ರ ಮೂಸಿ ನಿಮ್ಮ ಕಿವ್ಯಾಗ ಹೇಳ್ತಿದ್ನೆಲ್ರಿ. ಯಾರಿಗೆ ತಿಳೀತಿತ್ತು?"

ಬೀರಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಕಾವೇರಿ ತಾನೇ ಎದ್ದು ಕುರ್ಚಿ ಎಳೆದು ಕಾಂತುವಿನ ಮುಂದಿಟ್ಟಳು. ಅವನು ಕೂರಲಿಲ್ಲ. ಇನ್ನು ಮನೆಗೆ ಹೋಗಬಹುದೇ ಎಂದು, ಅವಳ ಮುಖ ನೋಡದೆ, ಮೀರಾಸಾಬನನ್ನು ಕೇಳಿದ.