ಬಾಯಿಕಟ್ಟಿನ ದಾರ

"ಮೊಲೆಹಾಲು ಮುಟ್ಟಿಸಬ್ಯಾಡ ಪುಳ್ಳೆ. ಬಾಯಿ ಕಟ್ಟೋ ದಾರ ಅದು," ಎಂದಳು ಪಿಚ್ಚೈಯಮ್ಮಾಳ್. ಸೊಸೆಯನ್ನು ಅವಳು ಪುಳ್ಳೆ, ಹುಡುಗಿ, ಎಂದೇ ಕರೆಯುತ್ತಿದ್ದಳು.

ಸೊಸೆ ತಂಗಮ್ಮಾಳ್ ನಕ್ಕಳು. "ಹಸು ಬತ್ತಿಹೋಗ್ಯದೆ ಅತ್ತೆ. ಆ ಮಂತ್ರಗಾರ ಹಾಲಲ್ಲಿ ನೆನಸು ಅಂದ. ಯಾರ ಹಾಲು ಅಂತ ಹಂದಿ ಬಂದು ಮೂಸಿ ನೋಡ್ತದಾ?"

ಆಂಡಿಪಟ್ಟಿಯಲ್ಲಿ ಎಂಟನೇ ತರಗತಿ ಓದಿದವಳು. ಬೋಡಿಮೆಟ್ಟು ಘಟ್ಟದ ಬುಡದ ಈ ಊರಿಗೆ ಸೊಸೆಯಾಗಿ ಬಂದು, ಸಾವಿರದ ಒಂಬೈನೂರ ಅರವತ್ತನಾಲ್ಕರ ಆ ಕಡಲೆಕಾಯಿ ಬೆಳೆಯ ಹೊತ್ತಿಗೆ ಎರಡು ವರ್ಷ. ಮಂತ್ರದಲ್ಲಿ ನಂಬಿಕೆಯಿದ್ದದ್ದು ಗಂಡ ಚಿನ್ನತಂಬಿಗೆ, ಅವಳಿಗಲ್ಲ. ಬೇಲಿಗೆ ಮಂತ್ರಿಸಿದ ದಾರ ಬಿದ್ದರೆ ಕಾಡುಹಂದಿಗಳು ಬಾಯಿ ತೆರೆಯಲಾರವು ಎನ್ನುತ್ತಿದ್ದ ಅವನು. ಆಗ ಅವನು ಅಟ್ಟಣೆಯ ಕಾವಲು ಬಿಟ್ಟು ಮನೆಗೆ ಬರುತ್ತಾನೆ. ಹಿಂದಿನ ವರ್ಷ ಪಕ್ಕದ ಹೊಲದ ಪಾಂಡಿಯ ಹೊಟ್ಟೆಯನ್ನು ಹಂದಿ ಸೀಳಿದ್ದನ್ನು ಅವಳು ಕಂಡಿದ್ದಳು. ಗಂಡ ಉಳಿದರೆ ಸಾಕಿತ್ತು ಅವಳಿಗೆ. ಎದೆಯಿಂದ ನಾಲ್ಕು ಹನಿ ಹಿಂಡಿ ದಾರ ನೆನೆಸಿ, ಮನೆಯ ಹಿಂದಿನ ಹೊಲದ ಕಳ್ಳಿಬೇಲಿಗೆ ತಾನೇ ಕಟ್ಟಿದಳು.

ಹಂದಿ ಬರಲಿಲ್ಲ. ಗಂಡ ಬಂದ. ಮೂರು ದಿನ ಹಾಡಿಕೊಂಡು ಅಡುಗೆ ಮಾಡಿದಳು.

ನಾಲ್ಕನೇ ದಿನ ಮಧ್ಯಾಹ್ನ ಹೊಲದ ಕಡೆಯಿಂದ ಕೊಳೆತ ನಾತ ಬಂತು. ಮಗುವನ್ನು ಅತ್ತೆಗೆ ಕೊಟ್ಟು ಹೋದಳು. ಬೇಲಿಯಾಚೆ ತಾಯಿಹಂದಿಯೊಂದು ನಿಂತಿತ್ತು. ಮೊಲೆಗಳು ಒಣ ತೊಗಲಾಗಿ ಜೋತಿದ್ದವು. ಕಾಲಬುಡದಲ್ಲಿ ಐದು ಸತ್ತ ಮರಿಗಳು, ನೊಣ. ಹಂದಿ ಬೇಲಿಯ ಸಂದಿನಿಂದ ಆಚೆ ಚಾಚಿದ ಕಡಲೆಬಳ್ಳಿಗೆ ಮೂತಿ ಒತ್ತುತ್ತಿತ್ತು, ಮತ್ತೆ ಒತ್ತುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಮುಚ್ಚಿದ ದವಡೆಯೊಳಗಿನ ಆ ನರಳಿಕೆ ಹೆತ್ತವಳಿಗೆ ಅರ್ಥವಾಗುವಂಥದ್ದು.

"ಪುಳ್ಳೆ! ಕೂಸು ಬಾಯಿ ಬಿಡ್ತಿಲ್ಲ!" ಮನೆಯಿಂದ ಅತ್ತೆ ಕೂಗಿದಳು.

ಓಡಿದಳು. ಮಗುವಿನ ತುಟಿಗಳು ಹೊಲಿದಂತೆ ಬಿಗಿದಿದ್ದವು. ಬೆರಳು ತೂರಲಿಲ್ಲ. ಮೊಲೆ ಒತ್ತಿದಳು. ಹಾಲು ಗಲ್ಲದ ಮೇಲೆ ಹರಿದುಹೋಯಿತು.

"ಹೋಗು, ದಾರ ಬಿಚ್ಚು. ಕಟ್ಟಿದೋಳೇ ಬಿಚ್ಚಬೇಕು!"

ಮತ್ತೆ ಬೇಲಿ. ನಾಲ್ಕು ದಿನದ ಬಿಸಿಲಲ್ಲೂ ದಾರ ಒದ್ದೆ. ಬೆಚ್ಚಗಿತ್ತು. ಗಂಟು ಸಡಿಲಲಿಲ್ಲ. ಉಗುರು ಕಿತ್ತುಬಂತು. ರಕ್ತಕ್ಕೆ ಬೆರಳು ಜಾರಿತು. ಬಾಗಿ ಹಲ್ಲಿನಲ್ಲಿ ಕಚ್ಚಿದಳು. ಹುಳಿತ ಹಾಲಿನ ರುಚಿ. ಎಳೆದಳು. ಹರಿಯಿತು.

ಮನೆಯಲ್ಲಿ ಮಗು ಕಿರುಚಿ ಅತ್ತಿತು. ಹಂದಿಯ ದವಡೆ ತೆರೆಯಿತು. ಅದು ಅವಳನ್ನು ಸವರಿಕೊಂಡು ಹೊಲಕ್ಕೆ ನುಗ್ಗಿತು. 'ಅತ್ತೆ' ಎಂದು ಕೂಗಹೋದಳು.

ತುಟಿಗಳು ಬಿಡಲಿಲ್ಲ.

ಚಿನ್ನತಂಬಿ ದಿನವೂ ಅವಳ ಮುಂದೆ ಚಮಚೆಯಲ್ಲಿ ಗಂಜಿ ಹಿಡಿದು ಕೂರುತ್ತಿದ್ದ. "ಒಂದೇ ಒಂದು ಗುಟುಕು, ಕಣ್ಣೇ." ಗಂಜಿ ಕುತ್ತಿಗೆಗೆ ಇಳಿದು ಸೆರಗು ನೆನೆಯುತ್ತಿತ್ತು. ಅವಳ ತೊಡೆಯ ಮೇಲಿನ ಮಗು ಒಂದೇ ಸಮನೆ ಹೀರುತ್ತಿತ್ತು. ಅವಳ ಬಾಯಿ ಬಿಗಿದ ಐದನೇ ದಿನ ಅತ್ತೆ ಅದನ್ನು ಎತ್ತಿಕೊಳ್ಳಲು ಬಂದಳು. ತಂಗಮ್ಮಾಳ್ ತಲೆಯಾಡಿಸಿ, ಕೂಸನ್ನು ಇನ್ನೊಂದು ಎದೆಗೆ ಬದಲಿಸಿದಳು.