ಮತಪೆಟ್ಟಿಗೆಯ ಸುತ್ತ ಬಿಳಿ ಪುಡಿ

ಸೋಮವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ವಿಶ್ವವಿದ್ಯಾಲಯದ ಉಪ ಕುಲಸಚಿವರು ಠಾಣೆಗೆ ಬಂದು ದೂರು ಕೊಟ್ಟರು. ಸಂಶೋಧನಾ ಪ್ರೋತ್ಸಾಹ ಸಮಿತಿಗೆ ವಿಜ್ಞಾನ ವಿಭಾಗಗಳಿಂದ ಅಧ್ಯಾಪಕರ ಪ್ರತಿನಿಧಿಯನ್ನು ಆರಿಸಲು ಶುಕ್ರವಾರ ಮತದಾನ ನಡೆದಿತ್ತು. ಸಮಿತಿ ಕೋಣೆಯಲ್ಲಿಟ್ಟಿದ್ದ ಮತಪೆಟ್ಟಿಗೆಯನ್ನು ಈ ದಿನ ಎಣಿಕೆಗೆಂದು ತೆರೆದರೆ ಒಳಗೆ ಮತಪತ್ರಗಳ ಬದಲು ಕಪ್ಪು ಗಸಿ. ಯಾರೋ ಮೇಲಿನ ಸೀಳಿನಿಂದ ಆಸಿಡ್ ಸುರಿದಿದ್ದರು.

"ಈ ಸಮಿತಿ ಏನು ಮಾಡುತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ಯಾರ ಸಂಶೋಧನೆಗೆ ಅನುದಾನ ಕೊಡಬೇಕು ಅಂತ ಶಿಫಾರಸು ಮಾಡುತ್ತೆ ಸಾರ್. ಗೆದ್ದ ಪ್ರತಿನಿಧಿ ಅರ್ಜಿ ಪರಿಶೀಲಿಸಿ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಕಡತ ಮುಂದಕ್ಕೆ ಹೋಗಲ್ಲ."

"ನಿಂತಿದ್ದವರು?"

"ಇಬ್ಬರು. ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕಿ, ಭೌತಶಾಸ್ತ್ರದ ಪ್ರೊಫೆಸರ್ ಒಬ್ಬರು. ಅವರನ್ನ ಭಾಷಣ ಮೇಷ್ಟ್ರು ಅಂತಾರೆ. ಸೋಲೋದು ಅವರೇ ಅಂತ ಎಲ್ಲರಿಗೂ ಗೊತ್ತಿತ್ತು."

ಇನ್ಸ್‌ಪೆಕ್ಟರರಿಗೆ ಅರ್ಧ ಕೇಸು ಅಲ್ಲೇ ಮುಗಿದಂತೆನಿಸಿತು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವರು ಹಾಲಿನ ಸಂಘದಿಂದ ಹಿಡಿದು ನಗರಸಭೆಯವರೆಗೆ ಎಷ್ಟೋ ಚುನಾವಣಾ ಗಲಾಟೆ ಕಂಡವರು. ಪೆಟ್ಟಿಗೆ ಒಡೆಯುವವನು ಯಾವಾಗಲೂ ಸೋಲುವವನೇ. ಎಫ್‌ಐಆರ್ ದಾಖಲಿಸಿ, ಮೀಸೆ ಎಂದೇ ಹೆಸರಾದ ಹೆಡ್ ಕಾನ್‌ಸ್ಟೇಬಲನನ್ನು ಕರೆದುಕೊಂಡು ಹೊರಟರು.

ಸಮಿತಿ ಕೋಣೆಯಲ್ಲಿ ಹನ್ನೆರಡು ಗಂಟೆಗೆ ಪಂಚನಾಮೆ ಶುರುವಾಯಿತು. ಉದ್ದನೆಯ ಮೇಜು, ಮೂಲೆಯಲ್ಲಿ ಜೆರಾಕ್ಸ್ ಯಂತ್ರ. ಆ ಯಂತ್ರದ ಪುಣ್ಯದಿಂದ ಕೋಣೆಗೆ ಬೀಗವಿದ್ದೂ ಇಲ್ಲದಂತೆಯೇ. ಅಧ್ಯಾಪಕರು ಯಾರು ಕೇಳಿದರೂ ಕಾವಲುಗಾರ ಕೀಲಿ ಕೊಡುತ್ತಿದ್ದ. ಶನಿವಾರ ಯಾರು ಯಾರು ಬಂದರು ಎಂದರೆ ತಲೆ ಕೆರೆದುಕೊಂಡ.

ಪೆಟ್ಟಿಗೆ ಒಂದು ಪ್ಲಾಸ್ಟಿಕ್ ತಟ್ಟೆಯ ಮೇಲಿತ್ತು. ತಟ್ಟೆ ತಮ್ಮದಲ್ಲ ಎಂದರು ಉಪ ಕುಲಸಚಿವರು. ಪೆಟ್ಟಿಗೆಯ ಹಿಡಿಕೆ, ಅಂಚು, ಮೇಜಿನ ತುದಿ, ನೆಲ, ಎಲ್ಲ ಕಡೆ ಒಣಗಿದ ಬಿಳಿ ಪುಡಿಯ ಗೆರೆ. ಮೀಸೆ ಪುಡಿಯನ್ನು ಬೆರಳಿಗೆ ತಗುಲಿಸಿಕೊಂಡು ನಾಲಿಗೆಯ ಹತ್ತಿರ ಒಯ್ದ. ಇನ್ಸ್‌ಪೆಕ್ಟರ್ ಅವನ ಕೈಗೊಂದು ಏಟು ಕೊಟ್ಟರು.

"ಇದು ನಿನ್ನ ಮಾವನ ಮನೆ ಅಡುಗೆ ಅಂದ್ಕೊಂಡ್ಯಾ?"

"ಇರುವೆ ಪುಡಿ ಇರಬೇಕು ಸಾರ್," ಎಂದು ಮೀಸೆ ಕೈ ಒರೆಸಿಕೊಂಡ.

ಪುಡಿಯನ್ನು ಪೊಟ್ಟಣ ಕಟ್ಟಿ ಮೊಹರು ಹಾಕಿದರು. ಕಸ ಗುಡಿಸುವ ಹೆಂಗಸು ಬಾಗಿಲ ಬಳಿ ನಿಂತಿದ್ದಳು. ಬೆಳಿಗ್ಗೆ ಮೊದಲು ಕೋಣೆಗೆ ಬಂದವಳು ಅವಳೇ.

"ಪೆಟ್ಟಿಗೆ ಮುಟ್ಟಿದ್ಯಾ?"

"ಮೇಜು ಒರೆಸೋಕೆ ಎತ್ತಿ ಪಕ್ಕಕ್ಕಿಟ್ಟೆ ಸಾರ್. ವಾಸನೆ ಬಂತು, ಒರೆಸದೆ ಬಿಟ್ಟುಬಿಟ್ಟೆ."

"ಕೈ ಉರಿ ಬಂತಾ?"

"ಏನೂ ಆಗ್ಲಿಲ್ಲ," ಎಂದು ಎರಡೂ ಅಂಗೈ ತೋರಿಸಿದಳು.

ಮಧ್ಯಾಹ್ನ ಭಾಷಣ ಮೇಷ್ಟ್ರ ವಿಚಾರಣೆ. ಅವರು ಹೆಸರಿಗೆ ತಕ್ಕವರೇ. ವಿಶ್ವವಿದ್ಯಾಲಯದ ಪತನದ ಕುರಿತು ಒಂದಿಷ್ಟು ಹೊತ್ತು ಕೊರೆದರು. ಇನ್ಸ್‌ಪೆಕ್ಟರ್ ಪೆನ್ನಿನಿಂದ ಮೇಜು ಕುಟ್ಟಿದರು.

"ಶನಿವಾರ, ಭಾನುವಾರ ಎಲ್ಲಿದ್ರಿ?"

"ಪಕ್ಕದೂರಿನ ಆಸ್ಪತ್ರೇಲಿ. ಸೊಸೆಗೆ ಹೆರಿಗೆ. ಬೀಗರು, ನರ್ಸು, ಬೇಕಾದವರನ್ನ ಕೇಳಿ."

"ಸೋಲ್ತೀನಿ ಅಂತ ಗೊತ್ತಿತ್ತಾ?"

"ನನ್ನ ಹೆಂಡತಿಗೂ ಗೊತ್ತಿತ್ತು. ರಸಾಯನಶಾಸ್ತ್ರದ ಮುಖ್ಯಸ್ಥರು ಕಣ್ಣು ಮಿಟುಕಿಸಿದ ಕಡೆ ವೋಟು ಬೀಳುತ್ತೆ. ಆ ಹುಡುಗಿಯನ್ನ ನಿಲ್ಲಿಸಿದ್ದೂ ಅವರೇ. ನಾನು ನಿಂತಿದ್ದು ಅವಿರೋಧ ಆಗಬಾರದು ಅಂತ ಅಷ್ಟೇ."

ಆಸ್ಪತ್ರೆಗೆ ಫೋನು ಮಾಡಿದರೆ ಮಾತು ನಿಜ. ನರ್ಸು ಕೂಡ ಅವರ ಭಾಷಣ ಕೇಳಿದ್ದಳಂತೆ. ಸೋಲುವವನು ಅನುಮಾನದಿಂದ ಪಾರಾದ ಮೇಲೆ ಇನ್ಸ್‌ಪೆಕ್ಟರರಿಗೆ ದಿಕ್ಕು ತೋಚಲಿಲ್ಲ. ಆಸಿಡ್ ಎಲ್ಲಿಂದ ಬಂತೆಂದು ನೋಡೋಣವೆಂದು ಮಂಗಳವಾರ ಹನ್ನೊಂದು ಗಂಟೆಗೆ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೋದರು.

ಮೊದಲ ವರ್ಷದವರ ಪ್ರಾಕ್ಟಿಕಲ್ ನಡೆದಿತ್ತು. ಗೆಲ್ಲಬೇಕಿದ್ದ ಅಧ್ಯಾಪಕಿಯೇ ಪಾಠ ಮಾಡುತ್ತಿದ್ದರು. ಮೂವತ್ತರ ಆಸುಪಾಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತರು. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿಯ ಕೈ ತಗುಲಿ ಆಸಿಡ್ ಮೇಜಿನ ಮೇಲೆ ಚೆಲ್ಲಿತು. ಅಧ್ಯಾಪಕಿ ಪಾಠ ನಿಲ್ಲಿಸದೆಯೇ ಡಬ್ಬಿಯೊಂದನ್ನು ಎತ್ತಿಕೊಂಡು, ಚೆಲ್ಲಿದ್ದರ ಅಂಚಿನಿಂದ ಒಳಕ್ಕೆ ಬಿಳಿ ಪುಡಿ ಉದುರಿಸಿದರು. ಬುಸ್ಸೆಂದು ನೊರೆ ಬಂದು ತಣ್ಣಗಾಯಿತು.

ತಲೆಯೆತ್ತಿದಾಗ ಖಾಕಿ ಕಂಡಿತು. ಡಬ್ಬಿ ಹಿಡಿದ ಕೈ ಹಾಗೇ ನಿಂತಿತು.

"ಏನು ಮೇಡಂ ಅದು?"

"ಸೋಡಾ ಪುಡಿ. ಆಸಿಡ್ ಚೆಲ್ಲಿದ್ರೆ ಹಾಕ್ತೀವಿ. ಆಮೇಲೆ ಮುಟ್ಟಿದವರ ಕೈ ಸುಡಲ್ಲ."

"ಇಲ್ಲಿ ಎಲ್ಲರೂ ಹೀಗೇ ಮಾಡ್ತಾರಾ?"

"ಮಾಡಬೇಕು," ಎಂದರು ಆಕೆ. ಆಮೇಲೆ ದನಿ ತಗ್ಗಿಸಿ, "ಕಸ ಗುಡಿಸೋ ಅಕ್ಕನ ಕೈಗೇನೂ ಆಗಿಲ್ಲ ತಾನೆ?" ಎಂದು ಕೇಳಿದರು.

ಆ ಹೆಂಗಸು ಪೆಟ್ಟಿಗೆ ಎತ್ತಿದ ಮಾತು ಪಂಚನಾಮೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ತಾನು ಏನು ಕೇಳಿಬಿಟ್ಟೆನೆಂದು ಆಕೆಗೂ ಆಗಲೇ ತಿಳಿಯಿತು. ಓಡಲಿಲ್ಲ, ಅಳಲಿಲ್ಲ.

"ಪ್ರಾಕ್ಟಿಕಲ್ ಮುಗೀಲಿ ಸಾರ್. ಮಕ್ಕಳ ಕೈಯಲ್ಲಿ ಆಸಿಡ್ ಇದೆ."

ಇನ್ಸ್‌ಪೆಕ್ಟರ್ ಸ್ಟೂಲೊಂದನ್ನು ಎಳೆದುಕೊಂಡು ಕಾದರು. ಕಳ್ಳರು, ಕೊಲೆಗಾರರು ಎಷ್ಟೋ ಜನರನ್ನು ಹಿಡಿದಿದ್ದರೂ ಹೀಗೆ ಕಾದದ್ದು ಇದೇ ಮೊದಲು. ಯಾಕೋ ಮನಸ್ಸಿಗೆ ಕಷ್ಟವಾಯಿತು.

ಠಾಣೆಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಎದುರಿಗೆ ಹೇಳಿಕೆ ಶುರುವಾಯಿತು.

"ಗೆಲ್ಲೋದು ನೀವೇ. ಮತ್ಯಾಕೆ ಸುರಿದ್ರಿ?"

"ಗೆಲ್ತಿದ್ದೆ ಅಂತಾನೇ. ನನ್ನ ವೋಟೂ ಭಾಷಣ ಮೇಷ್ಟ್ರಿಗೇ ಹಾಕಿದ್ದೆ ಸಾರ್. ಅದು ಎಲ್ಲಿ ಸಾಕಾಗುತ್ತೆ? ಹೇಗಾದ್ರೂ ಎಣಿಕೆ ನಿಲ್ಲಲಿ ಅಂತ ಸುರಿದೆ."

"ನಾಮಪತ್ರ ವಾಪಸ್ ತಗೋಬಹುದಿತ್ತು."

"ಹೋಗಿ ಕೇಳಿದೆ. ಮುಖ್ಯಸ್ಥರು ನಕ್ಕರು. ನಿನ್ನ ನೌಕರಿ ಕಾಯಂ ಆಗೋ ಕಡತ ನನ್ನ ಮೇಜಿನ ಮೇಲಿದೆ ತಾಯಿ, ನೆನಪಿರಲಿ ಅಂದ್ರು."

ಆಮೇಲಿನದನ್ನು ಹೇಳುವ ಮುಂಚೆ ಆಕೆ ಕಾನ್‌ಸ್ಟೇಬಲ್ ಕೈಯಲ್ಲಿದ್ದ ಪೆನ್ನನ್ನು ನೋಡಿದರು. "ಇದನ್ನ ಬರೀಬೇಡಿ. ಬರೆದ್ರೆ ನಾನು ಹೇಳಲ್ಲ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಡಲು ಸನ್ನೆ ಮಾಡಿದರು.

ಸಮಿತಿಯ ಮುಂದೆ ಮೊದಲು ಬರುವ ಅರ್ಜಿ ಮುಖ್ಯಸ್ಥರದ್ದೇ. ಕುಡಿಯುವ ನೀರಿನಿಂದ ವಿಷದ ಲೋಹ ತೆಗೆಯುವ ಪುಡಿ ಕಂಡುಹಿಡಿದಿದ್ದೇವೆಂದು ದೊಡ್ಡ ಅನುದಾನ ಕೇಳಿದ್ದರು. ಅರ್ಜಿಯಲ್ಲಿ ಪುಟಗಟ್ಟಲೆ ಅಳತೆಗಳು. ಅಳೆಯುವ ಯಂತ್ರ ಮಾತ್ರ ಎರಡು ವರ್ಷದಿಂದ ಕೆಟ್ಟು ಕೂತಿತ್ತು. ಅಳತೆಗಳನ್ನು ಮನಸ್ಸಿಗೆ ಬಂದಂತೆ ಬರೆದವನು ಆ ಯಂತ್ರದ ತಂತ್ರಜ್ಞ. ಅವನು ಈಕೆಯ ಗಂಡ.

"ಅವರದು ಗುತ್ತಿಗೆ ಕೆಲಸ ಸಾರ್. ವರ್ಷಾ ವರ್ಷ ಮುಖ್ಯಸ್ಥರು ಮುಂದುವರಿಸಬೇಕು. ಬರಿ ಅಂದ್ರು, ಬರೆದ್ರು. ನಾನು ಸಹಿ ಹಾಕಿದ್ರೆ ಜನ ಆ ನೀರು ಕುಡೀತಾರೆ. ಹಾಕದಿದ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ಬಾಯಿ ಬಿಟ್ರೆ ಮೊದಲು ಜೈಲಿಗೆ ಹೋಗೋರು ನಮ್ಮವರು."

"ನಿಮ್ಮ ಬದಲು ಬೇರೆಯವರು ಗೆದ್ದು ಸಹಿ ಹಾಕಿದ್ರೆ?"

ಆಕೆ ಕೆಳಗಿಟ್ಟ ಪೆನ್ನನ್ನೇ ನೋಡುತ್ತ ಕೂತರು. ಈ ಪ್ರಶ್ನೆಯನ್ನು ಆಕೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿರಬೇಕೆಂದು ಇನ್ಸ್‌ಪೆಕ್ಟರರಿಗೆ ಅನ್ನಿಸಿತು.

ನಾಲ್ಕು ಗಂಟೆಗೆ ಮುಖ್ಯಸ್ಥರೇ ಕಾರಿನಲ್ಲಿ ಬಂದರು. ಜೊತೆಗೆ ಉಪ ಕುಲಸಚಿವರು. ಮುಖ್ಯಸ್ಥರ ಮಾತು ಬೆಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು.

"ಹುಡುಗಿ ನನ್ನ ಮಗಳಿದ್ದ ಹಾಗೆ. ಕೆಲಸದ ಒತ್ತಡ, ತಲೆ ಕೆಟ್ಟಿದೆ. ದೂರು ವಾಪಸ್ ತಗೊಳ್ತೀವಿ, ಕಳಿಸಿಕೊಡಿ. ಮುಂದಿನ ವಾರ ಮರುಚುನಾವಣೆ. ಅವಳೇ ನಿಲ್ತಾಳೆ."

"ಅರೆಸ್ಟ್ ಆದವರು ನಿಲ್ಲಬಹುದಾ?" ಇನ್ಸ್‌ಪೆಕ್ಟರ್ ಉಪ ಕುಲಸಚಿವರನ್ನು ಕೇಳಿದರು.

"ಇಲ್ಲ ಸಾರ್. ಅರೆಸ್ಟ್ ಆದ್ರೆ ಅಮಾನತು. ಅಮಾನತಾದವರು ನಿಲ್ಲೋ ಹಾಗಿಲ್ಲ."

"ಅದಕ್ಕೇ ತಾನೆ ನಾನೇ ಬಂದಿದ್ದು," ಎಂದು ಮುಖ್ಯಸ್ಥರು ನಕ್ಕರು.

ಇಂಥ ರಾಜಿ ಇನ್ಸ್‌ಪೆಕ್ಟರರಿಗೆ ಹೊಸದಲ್ಲ. ಎಫ್‌ಐಆರ್ ಆದ ಮೇಲೆ ರಾಜಿಗೆ ಅವಕಾಶವಿಲ್ಲವೆಂಬುದು ಕಾನೂನು. ಅವಕಾಶ ಮಾಡಿಕೊಡುವುದು ಹೇಗೆಂಬುದೂ ಅವರಿಗೆ ಬರುತ್ತಿತ್ತು. ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಮುಖ್ಯಸ್ಥರ ನಗು ಅಲ್ಲಿಗೂ ಕೇಳುತ್ತಿತ್ತು.

"ಮೇಡಂ, ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದಾರೆ. ಕೇಸು ಮುಚ್ಚಿಬಿಡಿ ಅಂತಿದಾರೆ. ಮುಂದಿನ ವಾರ ಮತ್ತೆ ನೀವೇ ನಿಲ್ಲಬೇಕಂತೆ. ಅರೆಸ್ಟ್ ಮಾಡಿದ್ರೆ ನಿಲ್ಲೋ ಹಾಗಿಲ್ಲ. ಕೆಲಸ ಹೋಗುತ್ತೆ, ಕೋರ್ಟು ಕಚೇರಿ ಅಲೀಬೇಕಾಗುತ್ತೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಅರೆಸ್ಟ್ ಕಾಗದ ಕೊಡಿ ಸಾರ್. ಎಲ್ಲಿ ಸಹಿ ಹಾಕಬೇಕು?"

ಸಂಜೆ ಐದೂಕಾಲಿಗೆ ಬಂಧನವಾಯಿತು. ಮುಖ್ಯಸ್ಥರ ನಗು ಆಗ ನಿಂತಿತು. ಅವರು ಹೊರಗೆ ಹೋಗಿ ಕಾರಿನಲ್ಲಿ ಕೂತರು, ಆದರೆ ಕಾರು ಗೇಟಿನಿಂದ ಅಲ್ಲಾಡಲಿಲ್ಲ.

ವಿಷಯ ತಿಳಿಸಿದ್ದರಿಂದ ಗಂಡ ಬಂದ. ತೆಳ್ಳನೆಯ ಮನುಷ್ಯ, ತೋಳಿನಲ್ಲಿ ಯಂತ್ರದ ಎಣ್ಣೆಯ ಕಲೆ. ಹೆಂಡತಿಯನ್ನು ಕಂಬಿಯ ಆಚೆ ಕಂಡು ತುಟಿ ಕಚ್ಚಿಕೊಂಡ. ಇನ್ಸ್‌ಪೆಕ್ಟರ್ ಹೊಸ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ಏನಾದ್ರೂ ಹೇಳೋದಿದ್ರೆ ಹೇಳಿ. ನಾನೇ ಬರ್ಕೋತೀನಿ."

ಅವನ ಬಾಯಿ ತೆರೆಯಿತು. ಕಿಟಕಿಯಾಚೆ ಗೇಟಿನಲ್ಲಿ ನಿಂತ ಕಾರನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಆಕೆ ಬೇಡವೆಂದು ತಲೆಯಾಡಿಸಿದರು.

"ಏನಿಲ್ಲ ಸಾರ್," ಎಂದ.

ಇನ್ಸ್‌ಪೆಕ್ಟರ್ ಆ ಹಾಳೆಯನ್ನು ಮತ್ತೆ ಡ್ರಾಯರಿಗೆ ಹಾಕಲಿಲ್ಲ. ಮೇಜಿನ ಮೇಲೆಯೇ ಬಿಟ್ಟು, ಅವನು ಹೋಗುವವರೆಗೂ ಕಾದರು. ಅವನು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು, ಕೊನೆಗೆ ಎದ್ದು ಹೋದ.

ಕೇಸಿನ ವರದಿ ಸಿದ್ಧವಾದಾಗ ಮೀಸೆ ಓದಿ ನೋಡಿದ. ಕೃತ್ಯದ ಉದ್ದೇಶ ಎಂಬಲ್ಲಿ ಅವನ ಬೆರಳು ನಿಂತಿತು.

"ಚುನಾವಣೆಯಲ್ಲಿ ಗೆಲ್ಲುವ ಭಯ ಅಂತ ಇದೆ ಸಾರ್. ಸೋಲುವ ಭಯ ಅಂತ ಆಗಬೇಕಲ್ವಾ?"

"ಇಲ್ಲ ಕಣಯ್ಯ," ಎಂದರು ಇನ್ಸ್‌ಪೆಕ್ಟರ್. "ಸರಿಯಾಗೇ ಬರೆದಿದೀನಿ."