ಕೊಬ್ಬರಿ ಅಟ್ಟದ ಗೂಬೆ ಮರಿಗಳು

ದಾಕ್ಷಾಯಿಣಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಗೊಟಗೊಟ ಎಂದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಬಲಗಡೆಯ ಬುಟ್ಟಿಗೆ. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಎಡಕ್ಕೆ. ಇಲಿ ತೂತು ಕೊರೆದದ್ದು ಹಿಂದಕ್ಕೆ.

ಅರಸೀಕೆರೆಯಿಂದ ಬಾಣಾವರಕ್ಕೆ ಹೋಗುವ ದಾರಿಯ ಆ ಊರಿನಲ್ಲಿ ಷಡಕ್ಷರಪ್ಪನವರ ಅಟ್ಟದಷ್ಟು ಕಾಯಿ ಒಣಗುವ ಅಟ್ಟ ಇನ್ನೊಂದಿರಲಿಲ್ಲ. ಆರಿಸುವ ಕೆಲಸ ಅವರ ಒಬ್ಬಳೇ ಮಗಳದು.

"ಹಿಸ್ಸ್ಸ್..."

ಮೂಲೆಯಿಂದ ಮೂರು ಮುಖಗಳು ಅವಳನ್ನೇ ನೋಡುತ್ತಿದ್ದವು. ವೀಳ್ಯದೆಲೆಯ ಆಕಾರದ ಬೆಳ್ಳನೆಯ ಮುಖಗಳು.

ಗೂಬೆ ಮರಿಗಳು!

ಕಿಟಾರನೆ ಕಿರುಚಿ, ಕೈಯಲ್ಲಿದ್ದ ಕಾಯಿಯನ್ನೇ ಎತ್ತಿದಳು. ಹಿಂದಿನಿಂದ ಯಾರೋ ಅವಳ ಮಣಿಕಟ್ಟು ಹಿಡಿದರು.

"ಹೊಡೀಬೇಡಿ!"

"ಕೈ ಬಿಡ್ರೀ! ಯಾರು ನೀವು? ಚಪ್ಪಲಿ ಕಾಲಲ್ಲಿ ಅಟ್ಟ ಹತ್ತಿದ್ದೀರಲ್ಲ, ನಿಮ್ಮನೇಲಿ ಹಿಂಗೇನಾ?"

ಅವನು ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟ. "ಇಂದ್ರೇಶ್... ಸ್ಕೂಲಿಗೆ ಬಂದಿರೋ ಹೊಸ ಸೈನ್ಸ್ ಮೇಷ್ಟ್ರು. ತಾಯಿ ಗೂಬೆ ಈ ಕಿಂಡೀಲಿ ನುಗ್ಗೋದನ್ನ ಮೂರು ದಿನದಿಂದ ನೋಡ್ತಿದ್ದೆ. ನೀವು ಕಿರುಚಿದ್ರಿ, ಓಡಿ ಬಂದೆ."

"ಗೂಬೆ ಹೊಕ್ಕ ಮನೆ ಬಿಡಬೇಕು ಅಂತಾರೆ. ಗೊತ್ತಾ?"

"ಬಿಡೋದು ಇಲಿಗಳು ಕಣ್ರೀ. ಇಲ್ಲಿ ನೋಡಿ." ನೆಲದಿಂದ ಗೂಬೆ ಕಕ್ಕಿದ ಕಪ್ಪು ಉಂಡೆಯೊಂದನ್ನು ಎತ್ತಿ ಮುರಿದ. ಒಳಗೆ ರೋಮ, ಪುಟ್ಟ ಪುಟ್ಟ ಮೂಳೆಗಳು. "ಎಲ್ಲ ನಿಮ್ಮ ಕೊಬ್ಬರಿ ತಿಂದ ಇಲಿಗಳೇ."

"ಥೂ! ಹೋಗ್ರೀ ಆಚೆ!"

ಅವನು ಇಳಿದು ಹೋದ ಮೇಲೆ ಅವಳು ಹಿಂತಿರುಗಿ ನೋಡಿದಳು. ಹೋದ ವರ್ಷ ಮೂರು ಕಾಯಿಗೆ ಒಂದು ತೂತು. ಈ ಸಲ ತೂತಿನ ಕಾಯಿ ಅರ್ಧ ಬುಟ್ಟಿಯೂ ಇಲ್ಲ! ಆರಿಸುವವಳಿಗೆ ಮಾತ್ರ ಗೊತ್ತಿರುವ ಸಂಗತಿ ಅದು. 'ಆ ಮೇಷ್ಟ್ರಿಗೆ ಹೇಳಿದರೆ ಇನ್ನೂ ಹಾರಾಡ್ತಾನೆ' ಎಂದುಕೊಂಡು ಅಪ್ಪನಿಗಷ್ಟೇ ಹೇಳಿದಳು.

"ಒಂದು ತಿಂಗಳು" ಎಂದರು ಷಡಕ್ಷರಪ್ಪ. "ಅಷ್ಟರಲ್ಲಿ ಹಾರಿಹೋಗ್ಲಿಲ್ಲ ಅಂದ್ರೆ ಹೊಗೆ ಹಾಕ್ತೀನಿ."

ಇಂದ್ರೇಶ್ ದಿನಾ ಸಂಜೆ ಬಂದ. ದಿನಾ ಜಗಳ. "ಚಪ್ಪಲಿ!" ಎಂದು ಅವಳು ಗದರುವಳು, "ನಿಮ್ಮ ದನಿಗೆ ಮರಿಗಳು ಹೆದರ್ತವೆ" ಎಂದು ಅವನು ಚುಚ್ಚುವನು. ಒಂದು ದಿನ ಸ್ಕೂಲಿನಿಂದಲೇ ಬರಿಗಾಲಲ್ಲಿ ಬಂದುಬಿಟ್ಟ. ಅವಳು ನಗು ಬಚ್ಚಿಡಲು ಬುಟ್ಟಿಯೊಳಗೆ ಮುಖ ಹುದುಗಿಸಬೇಕಾಯಿತು.

ಹದಿನೆಂಟನೇ ದಿನ ತಿಪಟೂರಿನಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದ ಗಂಡಿನ ತಾಯಿ ಮೇಲೆ ನೋಡಿದರು.

"ಅಟ್ಟದಲ್ಲಿ ಯಾರು ಹಿಂಗೆ ಗೊರಕೆ ಹೊಡೀತಿರೋದು?"

ದಾಕ್ಷಾಯಿಣಿ ನೆಲ ನೋಡುತ್ತಲೇ ಹೇಳಿದಳು. "ಗೂಬೆ ಮರಿ ಕಣಮ್ಮ. ಮೂರವೆ."

ಬಂದವರು ಕೈ ತೊಳೆಯಲೂ ನಿಲ್ಲಲಿಲ್ಲ.

"ಬೇಕಂತಲೇ ಹೇಳಿದೆ ನೀನು!" ಅಪ್ಪನ ಕಣ್ಣು ಕೆಂಪಾಗಿತ್ತು. "ನಾಳೆ ಬೆಳಿಗ್ಗೆಗೇ ಹೊಗೆ!"

ಬೇಕಂತಲೇ ಹೇಳಿದೆನಾ...? ಅವಳು ತನ್ನನ್ನೇ ಕೇಳಿಕೊಂಡಳು. ಹೌದು, ಬೇಕಂತಲೇ!

ಬೆಳಕು ಹರಿಯುವ ಹೊತ್ತಿಗೆ ಮರಿಗಳನ್ನು ಬುಟ್ಟಿಗೆ ಹಾಕಿ, ಹಳೇ ಸೀರೆ ಮುಚ್ಚಿ, ಬೀದಿಯ ಕೊನೆಯಲ್ಲಿದ್ದ ಸೋದರತ್ತೆ ಮಹದೇವಮ್ಮನ ದನದ ಕೊಟ್ಟಿಗೆಯ ಅಟ್ಟಕ್ಕೆ ಸೇರಿಸಿದಳು. ಮರಿಗಳು ಅವಳ ಎರಡೂ ಕೈಯನ್ನು ರಕ್ತ ಬರುವ ಹಾಗೆ ಪರಚಿದವು.

ಎಂಟು ಗಂಟೆಗೆ ಷಡಕ್ಷರಪ್ಪ ಖಾಲಿ ಅಟ್ಟಕ್ಕೆ ಹೊಗೆ ಹಾಕಿದರು. ಹೆಂಚಿನ ಸಂದಿಯಿಂದ ಹೊಗೆ ಏಳುವುದನ್ನು ಕಂಡು ಇಂದ್ರೇಶ್ ಓಡಿ ಬಂದ. ಬೀದಿಯ ಜನವೆಲ್ಲ ಸೇರಿದ್ದರು.

"ಕೊಂದುಬಿಟ್ರಾ? ನಿಮ್ಮನ್ನ ಮನುಷ್ಯರು ಅಂದ್ಕೊಂಡಿದ್ದೆ!"

ಅವನ ಕಣ್ಣಲ್ಲಿ ನೀರಿತ್ತು. ಪರಚಿದ ಕೈಗಳನ್ನು ಅವಳು ಸೆರಗಿನಡಿ ಬಚ್ಚಿಟ್ಟಳು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ನಿಜ ಹೇಳಿದರೆ ಅತ್ತೆಯ ಕೊಟ್ಟಿಗೆಗೂ ಹೊಗೆ... ಅದೂ ಅಲ್ಲದೆ, ಇವನು ಕೇಳಲಿಲ್ಲ, ತೀರ್ಮಾನವನ್ನೇ ಕೊಟ್ಟ!

"ಹೌದು, ಕೊಂದೆ. ಏನಿವಾಗ?"

ಅವನು ಮತ್ತೆ ಆ ಮನೆಯ ಕಡೆ ತಿರುಗಲಿಲ್ಲ. ಬೇಸಿಗೆ ರಜೆಯಲ್ಲಿ ತನ್ನೂರು ಬೇಲೂರಿಗೆ ವರ್ಗ ಮಾಡಿಸಿಕೊಂಡು ಹೋದ.

ಅವಳು ಇನ್‌ಲ್ಯಾಂಡ್ ಲೆಟರ್ ತಂದು ಬರೆದಳು. 'ಮರಿಗಳು ಬದುಕಿವೆ. ತಾಯಿ ಅತ್ತೆಯ ಕೊಟ್ಟಿಗೆಗೇ ಹುಡುಕಿಕೊಂಡು ಬಂತು. ಮೂರೂ ಹಾರಿದವು.' ಅಂಚೆಡಬ್ಬಿಯ ತನಕ ಹೋದಳು. 'ಮನುಷ್ಯರು ಅಂದ್ಕೊಂಡಿದ್ದೆ' ಎಂಬ ಮಾತು ಮತ್ತೆ ಕಿವಿಗೆ ಬಡಿಯಿತು. ಕಾಗದ ಟ್ರಂಕಿನ ತಳ ಸೇರಿತು.

ಎರಡು ವರ್ಷ!

ಕಿಂಡಿಗೆ ಹಲಗೆ ಹೊಡೆದ ಅಟ್ಟದಲ್ಲಿ ಇಲಿಗಳದ್ದೇ ರಾಜ್ಯ. ತೂತಿನ ಕಾಯಿಗಳ ಗುಡ್ಡೆಯ ಮುಂದೆ ಷಡಕ್ಷರಪ್ಪ ತಲೆ ಮೇಲೆ ಕೈ ಹೊತ್ತು ಕೂತಾಗ, ಅಕ್ಕ ಮಹದೇವಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿನ್ನಟ್ಟಕ್ಕೆ ಇಲಿ ನೆಂಟ್ರು, ನನ್ನ ಕೊಟ್ಟಿಗೆಗೆ ಗೂಬೆ ನೆಂಟ್ರು. ನನ್ನ ಹುರುಳಿ ಚೀಲ ಒಂದಾದ್ರೂ ತೂತಾಗೈತೇನೋ? ಆ ಮರಿಗಳನ್ನ ಬದುಕಿಸಿದ್ದು ನಿನ್ನ ಮಗಳು ಕಣೋ, ಪೆದ್ದ! ಮನೆ ಬಿದ್ದೋಯ್ತಾ ನಂದು?"

ಷಡಕ್ಷರಪ್ಪ ಎದ್ದವರೇ ಕಿಂಡಿಯ ಹಲಗೆ ಕಿತ್ತು ಎಸೆದರು. ಆ ಚಳಿಗಾಲದಲ್ಲಿ ಒಂದು ಜೋಡಿ ಬಂತು. ನಾಲ್ಕು ಮರಿ! ಊರಲ್ಲಿ 'ಗೂಬೆ ಷಡಕ್ಷರಪ್ಪ' ಎಂದು ಆಡಿಕೊಂಡವರೇ ಬಂದು, "ನಮ್ಮಟ್ಟಕ್ಕೂ ಬರೋ ಹಂಗೆ ಏನ್ ಮಾಡ್ಬೇಕು, ಯಜಮಾನ್ರೇ?" ಎಂದು ಕೇಳತೊಡಗಿದರು. ಉತ್ತರ ಗೊತ್ತಿಲ್ಲದ ಷಡಕ್ಷರಪ್ಪ ಅರಸೀಕೆರೆಯ ಎಸ್‌ಟಿಡಿ ಬೂತಿನಿಂದ ಬೇಲೂರಿನ ಸ್ಕೂಲಿಗೆ ಫೋನ್ ಮಾಡಿದರು.

"ಮೇಷ್ಟ್ರೇ, ನಿಮ್ಮ ಗೂಬೆ ಸತ್ತಿರ್ಲಿಲ್ಲ. ನನ್ನ ಮಗಳು ಬಚ್ಚಿಟ್ಟಿದ್ಲು. ಬಂದು ನೋಡ್ಕಳಿ."

ಭಾನುವಾರ ಅವನು ಬಂದ. ಅಟ್ಟದಲ್ಲಿ ಅವಳು ಕಾಯಿ ಅಲ್ಲಾಡಿಸುತ್ತಿದ್ದಳು.

"ಬದುಕಿದಾವೆ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?" ಅವನು ಕೇಳಿದ.

"ಬದುಕಿದಾವಾ ಅಂತ ಒಂದು ಮಾತು ಕೇಳೋಕಾಗ್ಲಿಲ್ವಾ?"

ಅವನು ತಲೆ ತಗ್ಗಿಸಿದ. ಅವಳೂ ಕೆಳಗೆ ನೋಡಿದಳು. ಬರಿಗಾಲು. ಚಪ್ಪಲಿ ಅಂಗಳದಲ್ಲಿತ್ತು.

"ತಪ್ಪು ನಂದೇ" ಎಂದ. "ಅವತ್ತು ಅತ್ತಿದ್ದು ಬರೀ ಮರಿಗಳಿಗಲ್ಲ, ದಾಕ್ಷಾಯಿಣಿ. ನಾನು ಇಷ್ಟಪಟ್ಟ ಹುಡುಗೀನೇ ಇಲ್ಲ ಅನ್ನಿಸಿಬಿಡ್ತು. ಇವತ್ತಿಗೂ ಹೆಂಚಿನ ಮೇಲೆ ಹೊಗೆ ಕಂಡ್ರೆ ಊಟ ಸೇರಲ್ಲ."

ಅವಳು ಕೆಳಗಿಳಿದಳು. ಟ್ರಂಕಿನ ತಳದ ಕಾಗದ ತೆಗೆದು ಇನ್ನೊಂದು ಸಾಲು ಬರೆದಳು. 'ಈ ಸಲ ನಿಮ್ಮ ತಾಯಿಯನ್ನೂ ಕರೆದುಕೊಂಡು ಬನ್ನಿ.' ಅಂಚು ಅಂಟಿಸಿ, ಸ್ಕೂಲಿನ ಮುಂದಿನ ಅಂಚೆಡಬ್ಬಿಯ ಕಡೆ ನಡೆದಳು. ಅವನು ಚಪ್ಪಲಿ ಮರೆತು ಹಿಂದೆಯೇ ಓಡಿದ.

"ಅಯ್ಯೋ, ಅದರ ಮೇಲಿರೋದು ನನ್ನ ಹೆಸರು! ಕೈಗೇ ಕೊಡ್ರೀ, ಇಲ್ಲೇ ಇದ್ದೀನಲ್ಲ!"

"ಬೇಲೂರಿಗೆ ಬತ್ತದೆ, ಅಲ್ಲಿ ಓದಿ."

"ಎರಡು ದಿನ ಆಗುತ್ತೆ!"

"ನಾನು ಎರಡು ವರ್ಷ ಕಾದಿಲ್ವಾ?"

"...ಕೋಪದ ಕಾಗದವಾ? ಅದನ್ನಾದ್ರೂ ಹೇಳಿ."

ಅವಳು ಮೊದಲ ಸಲ ಅವನ ಎದುರೇ ನಕ್ಕಳು. "ಮೊದಲು ಚಪ್ಪಲಿ ಹಾಕ್ಕೊಳ್ಳಿ, ಮೇಷ್ಟ್ರೇ. ಕಾಲಿಗೆ ಮುಳ್ಳು ಚುಚ್ಚೀತು."

ಹೇಳುತ್ತಲೇ ಕಾಗದವನ್ನು ಡಬ್ಬಿಯೊಳಗೆ ಬಿಟ್ಟಳು.